ತಾಂಬೂಲಕ್ಕೆ 51 ಕ್ರೋಶಾ ಚೀಲ: ಮೇ ತಿಂಗಳಿಂದ ಆಗಸ್ಟ್‌ವರೆಗೆ

ಹೋದ ವಾರ ತಮ್ಮನ ಮನೆಯ ಗೃಹಪ್ರವೇಶ ಮುಗಿಯಿತು. ಬಂದ ಹೆಂಗಸರಿಗೆ ತಾಂಬೂಲ ಕೊಡಲು ಚೀಲಗಳನ್ನು ನಾನೇ ಕ್ರೋಶಾದಲ್ಲಿ, ಅಂದ್ರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ, ಹೆಣೆದು ಕೊಟ್ಟೆ. ಸುಮಾರು ನೂರು ದಿನ ಹಿಡಿಯಿತು. ಬಲಗೈ ಹೆಬ್ಬೆರಳು ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೂ ಎಲ್ಲಾ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಯಾಕಂದ್ರೆ ಶುರು ಮಾಡುವ ಮೊದಲು ನಾನು ಹುಡುಕಿದಾಗ, ಚೀಲ ಹೆಣೆಯೋದು ಹೇಗೆ ಅಂತ ತೋರಿಸುವವರು ಬೇಕಾದಷ್ಟು ಜನ ಸಿಕ್ಕರು. ಐವತ್ತು ಚೀಲಕ್ಕೆ ಎಷ್ಟು ನೂಲು ಬೇಕು, ಎಷ್ಟು ದಿನ ಬೇಕು, ಮಳೆಗಾಲದಲ್ಲಿ ಒಗೆದರೆ ಒಣಗುತ್ತಾ, ಒಳಗೆ ತೆಂಗಿನಕಾಯಿ ಹಾಕಿದರೆ ಏನಾಗುತ್ತೆ ಅಂತ ಹೇಳುವವರು ಒಬ್ಬರೂ ಸಿಗಲಿಲ್ಲ.

ನಾವಿರೋದು ಸಾಗರದಲ್ಲಿ. ತಮ್ಮ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ. ಆಷಾಢದಲ್ಲಿ ಶುಭಕಾರ್ಯ ಬೇಡ ಅಂತ ಶ್ರಾವಣಕ್ಕೆ ಮುಹೂರ್ತ ಇಟ್ಟರು, ಆಗಸ್ಟ್ ಮೂರನೇ ವಾರ. ಮೇ ತಿಂಗಳಲ್ಲಿ ಫೋನ್ ಮಾಡಿದಾಗ ತಮ್ಮನ ಹೆಂಡತಿ, "ಅಕ್ಕಾ, ತಾಂಬೂಲಕ್ಕೆ ಪ್ಲಾಸ್ಟಿಕ್ ಥರದ ಚೀಲ ಬೇಡ, ನೀವು ಹೆಣೀತೀರಲ್ಲ, ಅದರಲ್ಲೇ ಏನಾದ್ರೂ ಮಾಡಬಹುದಾ?" ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದ್ರೆ ಯೋಚನೆಯನ್ನೇ ಮಾಡದೆ ಹೂಂ ಅಂದೆ. ಮೊದಲು 101 ಅಂದಳು, ನಾನು 51 ಅಂದೆ. ಹತ್ತಿರದ ನೆಂಟರ ಹೆಂಗಸರಿಗೆ ಅಷ್ಟು ಸಾಕು ಅಂತ ಒಪ್ಪಿದಳು.

ನನಗೆ ಕ್ರೋಶಾ ಬರುತ್ತೆ, ಆದರೆ ಎಲ್ಲಾ ಒಂದೊಂದೇ ಸಾಮಾನು ಮಾಡಿದ ಅಭ್ಯಾಸ. ಬಾಗಿಲಿಗೆ ತೋರಣ, ಲೋಟದ ಕೆಳಗೆ ಇಡುವ ಚಿಕ್ಕ ಮ್ಯಾಟು, ಬಿಸಿ ಪಾತ್ರೆ ಹಿಡಿಯುವ ದಪ್ಪ ಬಟ್ಟೆಯಂಥದ್ದು, ಮಕ್ಕಳಿಗೆ ಕುಲಾವಿ. ಕಲಿಸಿದ್ದು ಅಮ್ಮ. ಅವರಿಗೆ ಈಗ 74. ಅವರ ಕಾಲದಲ್ಲಿ ಬಿಳಿ ದಾರ, ಸೂಜಿಯಷ್ಟು ಸಣ್ಣ ಸ್ಟೀಲ್ ಕಡ್ಡಿ, ರೇಡಿಯೋ ಮೇಲೊಂದು ಕವರ್, ದೇವರ ಪೀಠಕ್ಕೊಂದು ಹಾಸು. ಅವರ ಬಾಯಲ್ಲಿ ಇವತ್ತಿಗೂ ಚೈನ್ (ಕುಣಿಕೆಗಳ ಸರ) ಮತ್ತು ಕಂಬ (ಅದರ ಮೇಲೆ ನಿಲ್ಲಿಸುವ ಹೆಣಿಗೆ) ಅನ್ನುವ ಎರಡೇ ಮಾತು. ಸಿಂಗಲ್ ಅಂದ್ರೆ ಗಿಡ್ಡ ಕಂಬ, ಡಬಲ್ ಅಂದ್ರೆ ಕಂಬ, ಟ್ರಿಪಲ್ ಅಂದ್ರೆ ಉದ್ದ ಕಂಬ.

ಈ ಹೆಸರಿನ ವಿಷಯ ಇಲ್ಲೇ ಹೇಳಿಬಿಡ್ತೀನಿ, ನನ್ನ ಮೊದಲ ಎರಡು ದಿನ ಹಾಳಾಗಿದ್ದು ಇದರಿಂದಲೇ. ಬರೆದಿಟ್ಟ ಒಂದು ಮಾದರಿ ಸಿಕ್ಕಿತು, ಅದರಲ್ಲಿ ಎಲ್ಲಾ ಕಡೆ ಡಬಲ್ ಅಂತ ಇತ್ತು. ಹಾಗೇ ಹೆಣೆದೆ. ಫೋಟೋದಲ್ಲಿ ಒತ್ತಾದ ಗಟ್ಟಿ ಚೀಲ, ನನ್ನ ಕೈಯಲ್ಲಿ ಜಾಳು ಜಾಳು ಚೀಲ, ಅಳತೆಯೂ ದುಪ್ಪಟ್ಟು. ಕೊನೆಗೆ ಗೊತ್ತಾಯಿತು, ಅದು ಬ್ರಿಟನ್ನಿನ ಮಾದರಿ. ಅವರ ಡಬಲ್ ಅಂದ್ರೆ ಅಮೆರಿಕದವರ ಸಿಂಗಲ್, ಅವರ ಟ್ರೆಬಲ್ ಅಂದ್ರೆ ಅಮೆರಿಕದವರ ಡಬಲ್. ನಮ್ಮಲ್ಲಿ ಎರಡೂ ಕಲಸಿ ಓಡಾಡುತ್ತಿವೆ. ಗುರುತು ಹಿಡಿಯಲು ಒಂದು ಸುಲಭ ದಾರಿ ಇದೆ. ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಅನ್ನುವ ಪದ ಇದ್ದರೆ ಅದು ಅಮೆರಿಕದ್ದು. ಬ್ರಿಟನ್ನಿನ ಲೆಕ್ಕದಲ್ಲಿ ಸಿಂಗಲ್ ಅನ್ನುವ ಹೆಸರೇ ಬಳಸುವುದಿಲ್ಲ. ಕಡ್ಡಿ ಹಿಡಿಯುವ ಮುಂಚೆ ಇದನ್ನು ನೋಡಿಕೊಳ್ಳಿ.

ಮನೆಯಲ್ಲಿದ್ದ ಹಳೇ ಕಾಟನ್ ನೂಲಿನಲ್ಲಿ ಮೊದಲ ಚೀಲ ಮುಗಿಸಿದೆ. ಐದು ಗಂಟೆ ಹಿಡಿಯಿತು. ನೋಡಲು ಚೆನ್ನಾಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ, 58 ಗ್ರಾಂ. 51 ಚೀಲಕ್ಕೆ ಹತ್ತಿರ ಹತ್ತಿರ 3 ಕೆಜಿ. ಸ್ವಲ್ಪ ಜಾಸ್ತಿ ಇರಲಿ ಅಂತ 3.5 ಕೆಜಿ ಕೆನೆ ಬಣ್ಣದ ಕಾಟನ್ ಆರ್ಡರ್ ಮಾಡಿದೆ. ಉಂಡೆಗಳಲ್ಲಿ ತಗೊಂಡ್ರೆ ತುಂಬಾ ದುಬಾರಿ, ಅರ್ಧ ಅರ್ಧ ಕೆಜಿಯ ಕೋನ್ ತಗೊಳ್ಳಿ. ನನಗೆ ಕೆಜಿಗೆ 520 ರೂಪಾಯಿ ಬಿತ್ತು, ಏಳು ಕೋನಿಗೆ 1820, ಕಳಿಸುವ ಖರ್ಚು 180. ಅಂಚಿಗೆ ಅಂತ ಕುಂಕುಮ ಬಣ್ಣದ ನಾಲ್ಕು ಉಂಡೆ ಬೇರೆ, 380.

ಆರ್ಡರ್ ಮಾಡಿದ ಸಂಜೆ ಅಮ್ಮ ಚೀಲ ಕೈಗೆ ತಗೊಂಡು, ಏನೂ ಮಾತಾಡದೆ ಒಳಗೆ ಹೋಗಿ ಒಂದು ಸುಲಿದ ತೆಂಗಿನಕಾಯಿ ತಂದು ಹಾಕಿದರು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. "ಬೆಳಗ್ಗೆ ನೋಡು" ಅಂದರು. ಬೆಳಗ್ಗೆ ಎದ್ದು ನೋಡಿದರೆ 24 ಸೆಂಟಿಮೀಟರ್ ಇದ್ದ ಚೀಲ 37 ಆಗಿತ್ತು. ಹಿಡಿ ಹುರಿಯ ಹಾಗೆ ಸಣ್ಣಗಾಗಿ ಎಳೆದುಕೊಂಡಿತ್ತು. ಬಲೆಯ ತೂತುಗಳು ಅಗಲವಾಗಿ ಕಾಯಿಯ ಜುಟ್ಟು ಆಚೆ ಬಂದಿತ್ತು. ನಾನು ಸುಮ್ನೆ ಒಂದು ಅರಿಶಿನ ಕುಂಕುಮದ ಪೊಟ್ಟಣ ಒಳಗೆ ಹಾಕಿದೆ. ಸೀದಾ ನೆಲಕ್ಕೆ ಬಿತ್ತು.

ಆ ಬೆಳಗ್ಗೆ ನನಗೆ ನಿಜಕ್ಕೂ ಹೆದರಿಕೆ ಆಯಿತು. ಹೂಂ ಅಂದಾಗಿದೆ, ದುಡ್ಡು ಕಟ್ಟಾಗಿದೆ, ಆದರೆ ಚೀಲ ಕೆಲಸಕ್ಕೆ ಬರುವುದಿಲ್ಲ. ಯಾರಿಗಾದರೂ ಉಡುಗೊರೆಗೆ ಹತ್ತಾರು ಸಾಮಾನು ಹೆಣೆದು ಕೊಡುವ ಯೋಚನೆ ಇದ್ದರೆ, ನನ್ನ ಕೈಮುಗಿದ ಮಾತು ಇದು: ಒಂದನ್ನು ಪೂರ್ತಿ ಮುಗಿಸಿ, ತೂಕ ಮಾಡಿ, ಒಗೆದು, ಒಣಗಿಸಿ, ಅದರಲ್ಲಿ ನಿಜವಾಗಿ ಏನು ಇಡ್ತಾರೋ ಅದನ್ನೇ ಇಟ್ಟು ಒಂದು ರಾತ್ರಿ ಬಿಡಿ. ಆಮೇಲೆ ಮಾತು ಕೊಡಿ.

ಮುಂದಿನ ನಾಲ್ಕು ದಿನ ನಾನೂ ಅಮ್ಮನೂ ಕೂತು ಚೀಲವನ್ನು ಮತ್ತೆ ಮತ್ತೆ ಬಿಚ್ಚಿ ಹಾಕಿದೆವು. ಕ್ರೋಶಾದಲ್ಲಿ ಇದೊಂದು ಒಳ್ಳೇದು, ಕಡ್ಡಿಯಲ್ಲಿ ಒಂದೇ ಕುಣಿಕೆ ಇರೋದು, ದಾರ ಎಳೆದರೆ ಸರ್ರಂತ ಬಿಚ್ಚಿಕೊಳ್ಳುತ್ತೆ, ನೂಲು ಹಾಳಾಗುವುದಿಲ್ಲ. ಕೊನೆಗೆ ನಿಂತ ಲೆಕ್ಕ ಇದು. 3 ಮಿಲಿಮೀಟರ್ ಕಡ್ಡಿ. ತಳಕ್ಕೆ ದುಂಡಗೆ ಮೊದಲ ಸುತ್ತು 12 ಕಂಬ, ಎರಡನೇದು 24, ಮೂರನೇದು 36, ನಾಲ್ಕನೇದು 48. ಅಂದ್ರೆ ಪ್ರತಿ ಸುತ್ತಿಗೂ 12 ಹೆಚ್ಚಿಸುವುದು. ಅದಕ್ಕಿಂತ ಕಡಿಮೆ ಹೆಚ್ಚಿಸಿದರೆ ತಳ ಬಟ್ಟಲಿನ ಹಾಗೆ ಮುದುಡುತ್ತೆ, ಜಾಸ್ತಿಯಾದರೆ ಅಂಚು ಅಲೆ ಅಲೆಯಾಗಿ ಏಳುತ್ತೆ. ಅಂಗೈ ಅಗಲದ ತಳ ಆಗುತ್ತೆ, ಕಾಯಿ ಕೂರಲು ಅಷ್ಟು ಸಾಕು. ಆಮೇಲೆ ಹೆಚ್ಚಿಸದೆ ಮೂರು ಸುತ್ತು ಬರೀ ಕಂಬ. ಪೊಟ್ಟಣ ಬೀಳದ ಹಾಗೆ ತಡೆಯುವುದು ಈ ಮೂರು ಸುತ್ತಿನ ಗೋಡೆ. ಅದರ ಮೇಲಷ್ಟೇ ಬಲೆ: ಮೂರು ಚೈನ್, ಒಂದು ಕಂಬ ಬಿಟ್ಟು ಒಂದು ಸಿಂಗಲ್. ಬಾಯಿಗೆ ಮೂರು ಸುತ್ತು ಸಿಂಗಲ್.

ಹಿಡಿಯ ಉಪಾಯ ಅಮ್ಮನದು. ಹಿಡಿಯನ್ನು ಅಡ್ಡಡ್ಡ ಸಾಲಾಗಿ ಹೆಣೆದರೆ ಭಾರಕ್ಕೆ ಎಳೆದುಕೊಳ್ಳುತ್ತೆ, ಉದ್ದುದ್ದ ಹೆಣೆದರೆ ಅಷ್ಟು ಎಳೆಯುವುದಿಲ್ಲ. ಒಂದು ಸಾಲು ಚೈನ್ ಹಾಕಿ, ಅದರ ಉದ್ದಕ್ಕೂ ಎರಡು ಸಾಲು ಸಿಂಗಲ್, ಎರಡೂ ಅಂಚಿಗೆ ಸ್ಲಿಪ್ ಸ್ಟಿಚ್ (ಎತ್ತರವೇ ಇಲ್ಲದ, ಎಲ್ಲಕ್ಕಿಂತ ಗಿಡ್ಡ ಹೆಣಿಗೆ). ಸ್ಲಿಪ್ ಸ್ಟಿಚ್ ಸಾಲಿಗೆ ಎಳೆತ ತುಂಬಾ ಕಮ್ಮಿ, ಹುರಿ ಹೊಲಿದ ಹಾಗೆ ನಿಲ್ಲುತ್ತೆ. ಅದೇ ಕಾಯಿ, ಅದೇ ಮೊಳೆ, ಒಂದು ರಾತ್ರಿ. ಈ ಸಲ ಎರಡು ಬೆರಳಿನಷ್ಟು ಮಾತ್ರ ಇಳಿದಿತ್ತು. ಅಮ್ಮನ ಮುಖದಲ್ಲಿ ಅವತ್ತು ಕಂಡ ಸಮಾಧಾನ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಇನ್ನು ನೂಲಿನ ಕಾಯುವಿಕೆ. ಐದು ದಿನದಲ್ಲಿ ಬರುತ್ತೆ ಅಂದಿದ್ದ ಪಾರ್ಸೆಲ್ ಮಳೆ ಶುರುವಾಗಿ ಅಲ್ಲಲ್ಲಿ ನಿಂತು ಹನ್ನೊಂದು ದಿನ ತಡವಾಗಿ ಬಂತು. ದಿನಾ ಫೋನ್ ತೆಗೆದು ನೋಡೋದು, ಶಿವಮೊಗ್ಗಕ್ಕೆ ಬಂದಿದೆ ಅನ್ನೋದು, ಮರುದಿನವೂ ಶಿವಮೊಗ್ಗದಲ್ಲೇ ಇದೆ ಅನ್ನೋದು. ಕೈ ಕಟ್ಟಿ ಕೂತು ದಿನ ಎಣಿಸೋದು ಹೆಣೆಯುವುದಕ್ಕಿಂತ ಕಷ್ಟ. ಬಂದ ಮೇಲೆ ಇನ್ನೊಂದು. ಏಳು ಕೋನಿನಲ್ಲಿ ಎರಡು ಬೇರೆ ಛಾಯೆ. ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲ್ಲ, ಜಗಲಿಗೆ ತಂದು ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟಾಗ ಐದು ಕೋನ್ ಹಾಲಿನ ಕೆನೆ, ಎರಡು ಗೋಧಿ ಬಣ್ಣ.

ಕೋನಿನ ಒಳಗೆ ಅಂಟಿಸಿದ ಚೀಟಿ ನೋಡಿ. ಬಣ್ಣದ ನಂಬರ್ ಒಂದಾದರೆ, ಅದರ ಕೆಳಗೆ ಲಾಟ್ ನಂಬರ್ ಇನ್ನೊಂದು ಇರುತ್ತೆ. ಒಂದೇ ಸಲ ಒಂದೇ ಹಂಡೆಯಲ್ಲಿ ಬಣ್ಣ ಹಾಕಿದ ನೂಲಿಗೆ ಒಂದು ಲಾಟ್. ಬಣ್ಣದ ನಂಬರ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಛಾಯೆ ಬದಲಾಗಬಹುದು. ನನ್ನ ಎರಡು ಕೋನಿನ ಲಾಟ್ ಬೇರೆ ಇತ್ತು. ಪುಣ್ಯಕ್ಕೆ ಡಬ್ಬಿ ಬಿಚ್ಚುವಾಗಲೇ ಮಗಳು ವಿಡಿಯೋ ಮಾಡಿದ್ದಳು. ಬಿಲ್ಲು, ಚೀಟಿಗಳ ಫೋಟೋ, ಆ ವಿಡಿಯೋ ಮೂರೂ ಕಳಿಸಿದೆ. ಮೊದಲು ಮಾರಿದವರು ಒಪ್ಪಲಿಲ್ಲ, ಫೋಟೋದಲ್ಲಿ ಬಣ್ಣ ಹಾಗೇ ಕಾಣೋದು ಅಂದರು. ಲಾಟ್ ನಂಬರ್ ತೋರಿಸಿದ ಮೇಲೆ ವಾಪಸ್ ಕಳಿಸಿ ಅಂದರು. 520 ರೂಪಾಯಿ ಮರಳಿ ಬರಲು ಮೂರು ವಾರ ಆಯಿತು. ಹಾಗಾಗಿ ಒಂದು ಮಾತು, ಚೀಟಿ ಎಸೆಯಬೇಡಿ, ಕೆಲಸ ಪೂರ್ತಿ ಮುಗಿಯುವ ತನಕ ಒಂದು ನೋಟ್‌ಬುಕ್ಕಿಗೆ ಅಂಟಿಸಿಡಿ. ಆನ್‌ಲೈನಿನಲ್ಲಿ ತರಿಸುವಾಗ ಎಲ್ಲಾ ಒಂದೇ ಲಾಟ್ ಬೇಕು ಅಂತ ಮೊದಲೇ ಬರೆದು ಕೇಳಿ.

ಜೂನ್ ಬಂತು. ಮಧ್ಯಾಹ್ನ ಒಂದು ಗಂಟೆ, ರಾತ್ರಿ ಊಟ ಆದ ಮೇಲೆ ಒಂದು ಗಂಟೆ. ಕೈಗೆ ಲೆಕ್ಕ ಹತ್ತಿದ ಮೇಲೆ ಒಂದು ಚೀಲಕ್ಕೆ ಮೂರೂಕಾಲು ಗಂಟೆ ಸಾಕಾಗುತ್ತಿತ್ತು. ಮೊದಲ ಆರು ಚೀಲಕ್ಕೆ ಕುಂಕುಮ ಬಣ್ಣದ ಅಂಚು ಹಾಕಿ ಒಗೆಯಲು ನೆನೆಹಾಕಿದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಕೆಟ್ಟಿನ ನೀರು ಬೀಟ್‌ರೂಟ್ ಬೇಯಿಸಿದ ನೀರಿನ ಹಾಗಿತ್ತು. ಕೆನೆ ಬಣ್ಣದ ಬಲೆಯೆಲ್ಲಾ ತಿಳಿ ಗುಲಾಬಿ. ನನಗೆ ಅಳುವೇ ಬಂತು, ಇಪ್ಪತ್ತು ಗಂಟೆ ಕೆಲಸ ಅದು.

ಉಪ್ಪು ಹಾಕು, ವಿನೆಗರ್ ಹಾಕು ಅಂತ ಎಲ್ಲರೂ ಹೇಳಿದರು. ಎರಡೂ ಹಾಕಿದೆ, ಬಣ್ಣ ನಿಲ್ಲಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ, ವಿನೆಗರ್ ಉಪಯೋಗಕ್ಕೆ ಬರೋದು ಉಣ್ಣೆ, ರೇಷ್ಮೆಗೆ ಹಾಕುವ ಕೆಲವು ಬಣ್ಣಗಳಿಗೆ. ಹತ್ತಿಯ ಮೇಲಿನ ಸಡಿಲ ಬಣ್ಣಕ್ಕೆ ಅದರಿಂದ ಏನೂ ಆಗಲ್ಲ. ಹೆಚ್ಚುವರಿ ಬಣ್ಣ ಪೂರ್ತಿ ಹೋಗುವ ತನಕ ಬೇರೆ ಬೇರೆ ನೀರಿನಲ್ಲಿ ತೊಳೆಯೋದೊಂದೇ ದಾರಿ. ಒಣಗಲು ಬಿಡದೆ ಹಸಿ ಇರುವಾಗಲೇ ನಾಲ್ಕು ಸಲ ಸೋಪಿನ ನೀರಿನಲ್ಲಿ ಆಡಿಸಿದೆ. ಎರಡು ಚೀಲ ಪರವಾಗಿಲ್ಲ ಅನ್ನುವ ಹಾಗಾಯಿತು. ನಾಲ್ಕು ಹಾಗೇ ಉಳಿದವು. ಅವನ್ನು ಕೊಡಲು ಮನಸ್ಸು ಬರಲಿಲ್ಲ. ಉಡುಗೊರೆ ಮಾಡುವವರು ಕಡು ಬಣ್ಣದ ನೂಲನ್ನು ಹೆಣೆಯುವ ಮೊದಲೇ ತೊಳೆದುಕೊಳ್ಳಿ. ಉಂಡೆಯಾಗಿ ಅಲ್ಲ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ ತೊಳೆಯಿರಿ. ಕಟ್ಟದಿದ್ದರೆ ಆ ಸಿಕ್ಕು ಬಿಡಿಸಲು ಒಂದು ದಿನ ಬೇಕು.

ಕುಂಕುಮ ಬಣ್ಣ ಬಿಟ್ಟೆ. ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ, ಸಾಗರದಿಂದ ಸುಮಾರು 70 ಕಿಲೋಮೀಟರ್. ಮೂರು ಅಂಗಡಿಯಲ್ಲಿ ಬರೀ ಅಕ್ರಿಲಿಕ್ ಉಲ್ಲನ್ (ಕೃತಕ ನೂಲು) ತೋರಿಸಿದರು. ಒಂದು ಕಡೆ ಕಾಟನ್ ಅಂತಲೇ ಕೊಟ್ಟರು, ಮುಟ್ಟಿದರೆ ಯಾಕೋ ಜಾರುತ್ತಿತ್ತು. ಒಂದು ಗೇಣು ನೂಲು ಕೇಳಿ, ಆಚೆ ಬಂದು ಬೆಂಕಿಕಡ್ಡಿ ಗೀರಿ ನೋಡಿದೆ. ಹತ್ತಿ ಕಾಗದದ ಹಾಗೆ ಉರಿಯುತ್ತೆ, ಕಾಗದ ಸುಟ್ಟ ವಾಸನೆ, ಉಳಿಯೋದು ಮೆತ್ತನೆ ಬೂದಿ. ಇದು ಕರಗಿ ತುದಿಯಲ್ಲಿ ಕಪ್ಪು ಗಟ್ಟಿ ಮಣಿಯಾಯಿತು. ಅಕ್ರಿಲಿಕ್. ನಾಲ್ಕನೇ ಅಂಗಡಿಯಲ್ಲಿ ನಿಜವಾದ ಕಾಟನ್ ಸಿಕ್ಕಿತು, ಅರಿಶಿನ ಬಣ್ಣ, ಒಂದು ಕೆಜಿಗೆ 640. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡುವಾಗ ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಮಾಡಿ, ಕೈಯಲ್ಲಿ ಹಿಡಿಯಬೇಡಿ.

ಅಡುಗೆಮನೆ ಸಾಮಾನು ಹೆಣೆಯುವವರಿಗೆ ಇದು ಇನ್ನೂ ಮುಖ್ಯ. ಎರಡು ವರ್ಷದ ಹಿಂದೆ ಅಕ್ರಿಲಿಕ್‌ನಲ್ಲಿ ಚೆಂದದ ಪಾತ್ರೆ ಹಿಡಿಕೆ ಮಾಡಿದ್ದೆ. ಒಲೆಯಿಂದ ಆಗಷ್ಟೇ ಇಳಿಸಿದ ಕಬ್ಬಿಣದ ಕಾವಲಿ ಹಿಡಿದಾಗ ಅದು ಕರಗಿ ಕಾವಲಿಗೆ ಅಂಟಿಕೊಂಡಿತು. ಬೆರಳು ಸುಡದೆ ಉಳಿದದ್ದು ದೊಡ್ಡದು. ಬಿಸಿ ಮುಟ್ಟುವ ಯಾವುದಕ್ಕೂ ಹತ್ತಿ ನೂಲು ಮಾತ್ರ, ಅದೂ ಎರಡು ಪದರ, ಬಲೆ ಇಲ್ಲದೆ ಒತ್ತಾಗಿ. ಒದ್ದೆ ಇರುವಾಗ ಬಳಸಬೇಡಿ, ಒದ್ದೆ ಹತ್ತಿ ಬಿಸಿಯನ್ನು ಸೀದಾ ಕೈಗೆ ಮುಟ್ಟಿಸುತ್ತೆ. ಕೂಸಿಗೆ ಮಾಡುವವರಿಗೂ ಒಂದು ಮಾತು. ಕಂಬಳಿ, ಸ್ವೆಟರಿನಲ್ಲಿ ದೊಡ್ಡ ತೂತಿನ ಡಿಸೈನ್ ಬೇಡ, ಬೆರಳು ಸಿಕ್ಕಿಕೊಳ್ಳುತ್ತೆ. ಗುಂಡಿ, ಮಣಿ ಹೊಲಿಯಬೇಡಿ. ಕುಲಾವಿಯ ದಾರ ಗಿಡ್ಡ ಇರಲಿ.

ಜುಲೈ ನಮ್ಮ ಕಡೆ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬಟ್ಟೆ ಒಣಗೋದೇ ಇಲ್ಲ. ಒಗೆದ ಹತ್ತು ಚೀಲ ನಾಲ್ಕು ದಿನವಾದರೂ ತಣ್ಣಗೇ ಇದ್ದವು, ಐದನೇ ದಿನಕ್ಕೆ ಮುಗ್ಗಲು ವಾಸನೆ. ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹಾಕಿದೆ. ಒಂದೇ ರಾತ್ರಿಯಲ್ಲಿ ಒಣಗಿದವು, ಆದರೆ ಹೊಗೆ ವಾಸನೆ ಹಿಡಿಯಿತು, ಎರಡಕ್ಕೆ ಮಸಿ ಬಿತ್ತು. ಮತ್ತೆ ಒಗೆದೆ. ಕೊನೆಗೆ ಕಂಡುಕೊಂಡ ದಾರಿ ಹೀಗೆ: ಹಿಂಡಬಾರದು, ದಪ್ಪ ಟವೆಲಿನಲ್ಲಿ ಸುತ್ತಿ ಮೇಲೆ ಕಾಲಿಟ್ಟು ತುಳಿಯಬೇಕು, ಅರ್ಧಕ್ಕರ್ಧ ನೀರು ಟವೆಲಿಗೆ ಹೋಗುತ್ತೆ. ಆಮೇಲೆ ತಳಕ್ಕೆ ಉಲ್ಟಾ ಬಟ್ಟಲಿಟ್ಟು ಆಕಾರ ಕೊಟ್ಟು ಫ್ಯಾನಿನ ಕೆಳಗೆ ಹರಡಬೇಕು. ಕರೆಂಟ್ ಇದ್ದರೆ ಒಂದೂವರೆ ದಿನ. ನೇತುಹಾಕಬೇಡಿ, ಒದ್ದೆ ಹತ್ತಿಯ ಭಾರಕ್ಕೆ ಬಲೆ ಇಳಿಯುತ್ತೆ. ನಾನು ಮಾಡಿದ ತಪ್ಪು ಮುಗಿದ ಮುಗಿದ ಹಾಗೆ ಮಳೆಯಲ್ಲೇ ಒಗೆದದ್ದು. ಕಾದು, ಬಿಸಿಲು ಬಂದ ಎರಡು ದಿನದಲ್ಲಿ ಒಟ್ಟಿಗೆ ಒಗೆದಿದ್ದರೆ ಒಂದು ವಾರ ಉಳಿಯುತ್ತಿತ್ತು.

ಇಪ್ಪತ್ತೆಂಟನೇ ಚೀಲದ ಹೊತ್ತಿಗೆ ಕೈ ಕೈಕೊಟ್ಟಿತು. ಹೆಬ್ಬೆರಳಿನ ಬುಡದಲ್ಲಿ ಮೊದಲು ಬರೀ ಬಿಗಿತ. ಆಮೇಲೆ ಬೆಳಗ್ಗೆ ಹಾಲಿನ ಪಾತ್ರೆ ಎತ್ತಲು ಆಗದಷ್ಟು ನೋವು. ಡಾಕ್ಟರು ನೋಡಿ, ಒಂದೇ ಚಲನೆ ಸಾವಿರಾರು ಸಲ ಮಾಡಿದ್ದೀರಿ, ಕೆಲಸ ನಿಲ್ಲಿಸಿ ಅಂದರು. ಫೀಸು, ಮುಲಾಮು ಸೇರಿ 450. ಒಂಬತ್ತು ದಿನ ಕಡ್ಡಿ ಮುಟ್ಟಲಿಲ್ಲ. ಆ ಒಂಬತ್ತು ದಿನ ನನಗಿದ್ದದ್ದು ನೋವಿನ ಚಿಂತೆಯಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಆ ತಾರೀಖು ಕಣ್ಣೆದುರಿಗೇ ಇತ್ತು. ರಾತ್ರಿ ಎಚ್ಚರವಾದರೆ ಉಳಿದ ಚೀಲಗಳನ್ನು ದಿನಗಳಿಂದ ಭಾಗಿಸುತ್ತಾ ಮಲಗಿರುತ್ತಿದ್ದೆ.

ಆಗ ಅಮ್ಮ ತಾವೇ ಶುರು ಮಾಡಿದರು. ಒಂದು ಇಡೀ ಚೀಲ ಹೆಣೆದರು. ಅವರ ಕೈ ಬಿಗಿ, ಅವರ ಚೀಲ ನನ್ನದಕ್ಕಿಂತ ಒಂದು ಬೆರಳು ಚಿಕ್ಕದಾಯಿತು. ಒಂದೇ ಕಡ್ಡಿ, ಒಂದೇ ನೂಲು ಇದ್ದರೂ ಇಬ್ಬರ ಕೈಗೆ ಎರಡು ಅಳತೆ. ಹಾಗಾಗಿ ಕೆಲಸ ಹಂಚಿಕೊಂಡೆವು. ಎಲ್ಲಾ ಹಿಡಿಗಳೂ ಅವರದು, ಚೀಲ ನನ್ನದು. ಬಿಗಿ ಕೈ ಹಿಡಿಗೆ ಒಳ್ಳೇದೇ ಆಯಿತು. ಕಿಟಕಿ ಪಕ್ಕ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಎಡಗೈ ಕಿರುಬೆರಳಿಗೆ ನೂಲು ಒಂದು ಸುತ್ತು ಸುತ್ತಿ ತೋರುಬೆರಳ ಮೇಲೆ ಹಾಯಿಸಿ ಹಿಡಿಯುತ್ತಾರೆ. ಕಡ್ಡಿ ಒಳಗೆ ಹೋಗಿ ನೂಲು ಹಿಡಿದು ಹೊರಗೆ ಬರುವಾಗ ಅವರ ಮಣಿಕಟ್ಟು ಆಡುವುದೇ ಇಲ್ಲ, ಬರೀ ಎರಡು ಬೆರಳು ಆಡುತ್ತೆ. ನಾನು ಇಷ್ಟು ವರ್ಷ ಇಡೀ ಮುಂಗೈ ತಿರುಗಿಸುತ್ತಿದ್ದೆ. ಅವರ ಪಕ್ಕ ಕೂತು ಅವರ ಹಾಗೇ ಹಿಡಿದು ಅಭ್ಯಾಸ ಮಾಡಿದೆ. 240 ರೂಪಾಯಿಯ ದಪ್ಪ ರಬ್ಬರ್ ಹಿಡಿಯ ಕಡ್ಡಿ ತರಿಸಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ಅಲಾರಂ ಇಟ್ಟು ಏಳುತ್ತಿದ್ದೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ತಡೆಯುವಷ್ಟಿತ್ತು. ಇದನ್ನು ಮೊದಲ ದಿನವೇ ಮಾಡಿ ಅಂತ ಬೇಡಿಕೊಳ್ತೀನಿ.

ಈ ಮಧ್ಯೆ ಮನೆಗೆ ಬಂದ ಪರಿಚಯದವರೊಬ್ಬರು, ಇದನ್ನು ಮಾರಿದರೆ ಒಂದಕ್ಕೆ ನೂರು ರೂಪಾಯಿ ಬರುತ್ತೆ ಅಲ್ವಾ ಅಂದರು. ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ನೂಲಿಗೇ 50 ರೂಪಾಯಿ ಹತ್ತಿರ ಬರುತ್ತೆ, ಉಳಿದ 50 ಮೂರೂಕಾಲು ಗಂಟೆಗೆ. ಉಲ್ಲನ್ ಸ್ವೆಟರ್ ಹೆಣೆಯುವ ಮೆಷಿನ್ ಇದೆ, ಕ್ರೋಶಾ ಹಾಕುವ ಮೆಷಿನ್ ಇಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನಿಜವಾದ ಕ್ರೋಶಾ ತುಂಡು ಯಾವುದೇ ಇರಲಿ, ಅದನ್ನು ಎಲ್ಲೋ ಒಬ್ಬರು ಕೈಯಲ್ಲೇ ಹೆಣೆದಿರುತ್ತಾರೆ. ಆಂಧ್ರದ ನರಸಾಪುರದ ಸುತ್ತಮುತ್ತ ಸಾವಿರಾರು ಹೆಂಗಸರು ತಲೆಮಾರುಗಳಿಂದ ಮನೆಯಲ್ಲೇ ಕೂತು ಈ ಲೇಸು ಹೆಣೆಯುತ್ತಿದ್ದಾರೆ, 2024ರಲ್ಲಿ ಅದಕ್ಕೆ ಜಿಐ ಗುರುತು (ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಮುದ್ರೆ) ಸಿಕ್ಕಿತು. ಇನ್ನು ಮುಂದೆ ಯಾರಾದರೂ ಹೆಣೆದ ಸಾಮಾನು ಮಾರುತ್ತಿದ್ದರೆ ನಾನು ಚೌಕಾಸಿ ಮಾಡುವುದಿಲ್ಲ. ನೀವು ಮಾರುವವರಾದರೆ ದಯವಿಟ್ಟು ಗಂಟೆಯ ಲೆಕ್ಕ ಇಟ್ಟು ಬೆಲೆ ಹೇಳಿ.

ಆಗಸ್ಟ್ ಎರಡನೇ ವಾರ ಎಣಿಸಿದೆ. ಬಣ್ಣ ಹತ್ತಿದ್ದನ್ನು, ಅಮ್ಮನ ಚಿಕ್ಕ ಚೀಲವನ್ನು ಬದಿಗಿಟ್ಟು ಕೊಡುವಂಥದ್ದು 40. ಹೊರಡುವ ಹೊತ್ತಿಗೆ 43 ಆಗಬಹುದು, 51 ಆಗಲ್ಲ. ತಮ್ಮನ ಹೆಂಡತಿಗೆ ಫೋನ್ ಮಾಡುವ ಮುಂಚೆ ಎರಡು ದಿನ ಒದ್ದಾಡಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, "ಅಕ್ಕಾ, ಮೊದಲು ಕೈ ನೋಡ್ಕೊಳ್ಳಿ, ಎಂಟು ಚೀಲ ನಾನು ನೋಡ್ಕೋತೀನಿ" ಅಂದಳು. ಇಲ್ಲ, ಅದೂ ನನ್ನ ಕಡೆಯಿಂದಲೇ ಇರಲಿ ಅಂತ ಇಲ್ಲಿಯ ಟೈಲರ್ ಹತ್ತಿರ ಅರಿಶಿನ ಬಣ್ಣದ ಬಟ್ಟೆಯಲ್ಲಿ ಎಂಟು ಹೊಲಿಸಿದೆ, ಒಂದಕ್ಕೆ 35. ಆಗಲ್ಲ ಅಂತ ಗೊತ್ತಾದ ದಿನವೇ ಹೇಳಿಬಿಡಿ. ನಾನು ಜುಲೈನಲ್ಲೇ ಹೇಳಿದ್ದರೆ ಕೊನೆಯ ಮೂರು ವಾರ ನಿದ್ದೆಯಾದರೂ ಬರುತ್ತಿತ್ತು.

ಒಟ್ಟು ಖರ್ಚು, ವಾಪಸ್ ಬಂದ ದುಡ್ಡು ಕಳೆದು, ಡಾಕ್ಟರ್ ಫೀಸು ಮತ್ತು ಹಾಳಾದ ಕುಂಕುಮ ನೂಲು ಸೇರಿ 3470 ರೂಪಾಯಿ. ಬಸ್ ಚಾರ್ಜು ಬೇರೆ.

ರಾತ್ರಿ ರೈಲಿಗೆ ಹೊರಟೆವು. ಎರಡು ಚೀಲದ ಹಿಡಿ ಜೋಡಿಸುವುದು ಬಾಕಿ ಇತ್ತು, ರೈಲಿನಲ್ಲೇ ದೀಪ ಆರಿಸುವ ತನಕ ಕೂತು ಹೊಲಿದೆ. ಹೆಣೆದದ್ದನ್ನು ಸೂಟ್‌ಕೇಸಿನಲ್ಲಿ ಒತ್ತಿ ತುಂಬಬೇಡಿ, ಮಡಿಕೆ ಬಿದ್ದರೆ ಇಸ್ತ್ರಿ ಹಾಕಿದರೂ ಬೇಗ ಹೋಗಲ್ಲ. ನಾನು ಒಂದರೊಳಗೊಂದು ಲೋಟ ಜೋಡಿಸಿದ ಹಾಗೆ ಹತ್ತತ್ತು ಕೂರಿಸಿ ಹಳೇ ಪಂಚೆಯಲ್ಲಿ ಕಟ್ಟಿದ್ದೆ, ಹಾಗೇ ಇದ್ದವು.

ಗೃಹಪ್ರವೇಶದ ದಿನ ನಾನೂ ತಮ್ಮನ ಹೆಂಡತಿಯೂ ಕೂತು ಒಂದೊಂದರಲ್ಲೂ ಕಾಯಿ, ಎಲೆ ಅಡಿಕೆ, ಎರಡು ಬಾಳೆಹಣ್ಣು, ರವಿಕೆ ಕಣ, ಅರಿಶಿನ ಕುಂಕುಮ ಇಟ್ಟೆವು. ಪೊಟ್ಟಣ ಬೀಳಲಿಲ್ಲ. ಸಾಲಾಗಿ ಚಾಪೆಯ ಮೇಲೆ ಕೂರಿಸಿದಾಗ ಕೆನೆ ಬಣ್ಣದ ಬಲೆಯೊಳಗೆ ಎಲೆಯ ಹಸಿರು ಕಾಣುತ್ತಿತ್ತು. ಹಿರಿಯರೊಬ್ಬರು ತಾಂಬೂಲ ತಗೊಂಡವರು ಅಲ್ಲೇ ಗೋಡೆಗೆ ಒರಗಿ ಕೂತು, ಕಾಯಿ ತೆಗೆದು ಮಡಿಲಲ್ಲಿಟ್ಟುಕೊಂಡು, ಚೀಲವನ್ನು ತಿರುಗಿಸಿ ತಳ ನೋಡಿದರು. ಬೆರಳಿನಲ್ಲಿ ಸುತ್ತುಗಳನ್ನು ಎಣಿಸಿದರು. "ಹನ್ನೆರಡು ಹನ್ನೆರಡು ಹೆಚ್ಚಿಸಿದೀಯ" ಅಂದರು ನನ್ನ ಕಡೆ ನೋಡಿ. ಅಷ್ಟೇ ಅಂದದ್ದು. ಅವರೂ ಹೆಣೆಯುವವರೇ ಅಂತ ಗೊತ್ತಾಯಿತು. ಅವರ ಪಕ್ಕ ಹೋಗಿ ಕೂತೆ, ಅಮ್ಮನೂ ಬಂದರು, ಊಟಕ್ಕೆ ಕರೆಯುವ ತನಕ ಮೂವರೂ ಹಿಡಿಯ ಬಗ್ಗೆಯೇ ಮಾತಾಡಿದೆವು.

ಮೊನ್ನೆ ಊರಿಗೆ ಬಂದೆವು. ಬಣ್ಣ ಹತ್ತಿದ ಗುಲಾಬಿ ಚೀಲಗಳಲ್ಲಿ ಎರಡನ್ನು ಮಗಳು ಸಂತೆಗೆ ತಗೊಂಡು ಹೋಗುತ್ತಿದ್ದಾಳೆ. ಅಮ್ಮನ ಚಿಕ್ಕ ಚೀಲ ದೇವರ ಕೋಣೆಯಲ್ಲಿದೆ, ಬತ್ತಿ ಹೊಸೆಯುವ ಹತ್ತಿ ಇಡಲು. 44ನೇ ಚೀಲ ಶುರು ಮಾಡಿ ಬಾಯಿಯವರೆಗೆ ಬಂದು ನಿಂತಿತ್ತು, ಹಿಡಿ ಹಾಕಿಲ್ಲ. ಅದನ್ನು ಅಡುಗೆಮನೆಯ ಕಿಟಕಿಗೆ ಕಟ್ಟಿ ಬೆಳ್ಳುಳ್ಳಿ ತುಂಬಿದ್ದೇನೆ. ಗಾಳಿ ಆಡುತ್ತೆ, ಈ ಮಳೆಯಲ್ಲೂ ಇನ್ನೂ ಮೊಳಕೆ ಬಂದಿಲ್ಲ.